ಚಳಿಗೆ ಮುನ್ನ ನೀರನ್ನು ಬೀಳ್ಕೊಡುವುದು

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಅಕ್ಟೋಬರ್ ಬಂತೆಂದರೆ ಹಾರ್ಡ್‌ವೇರ್ ಅಂಗಡಿಗಳ ಮುಂಭಾಗದಲ್ಲಿ ಗುಲಾಬಿ ಬಣ್ಣದ ದ್ರವ ತುಂಬಿದ ಪ್ಲಾಸ್ಟಿಕ್ ಕ್ಯಾನುಗಳ ಸಾಲು ಏಳುತ್ತದೆ. ಒಂದು ಕ್ಯಾನಿನಲ್ಲಿ ಒಂದು ಗ್ಯಾಲನ್, ನಮ್ಮ ಲೆಕ್ಕದಲ್ಲಿ ಮೂರೂಮುಕ್ಕಾಲು ಲೀಟರಿಗೆ ತುಸು ಹೆಚ್ಚು. ದೂರದಿಂದ ನೋಡಿದರೆ ಮದುವೆಮನೆಯ ಶರಬತ್ತಿನ ಹಾಗೆ ಕಾಣುತ್ತದೆ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆಯ ಕೊಳವೆಗಳಲ್ಲಿ, ಚಳಿಗಾಲ ಮುಗಿಯುವ ತನಕ, ನೀರಿನ ಬದಲು ಕೂತಿರಬೇಕಾದ ದ್ರವ ಅದು.

ಈ ಗಾಲಿಮನೆಯನ್ನು ಅಲ್ಲಿನವರು ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ಅದಕ್ಕೆ ಸ್ವಂತ ಎಂಜಿನ್ ಇಲ್ಲ. ಒಳಗೆ ಮಂಚ, ಒಲೆ, ಫ್ರಿಜ್, ಸಿಂಕು, ಷವರು, ಕಮೋಡು, ನೀರು ಕಾಯಿಸುವ ಗೀಸರು ಎಲ್ಲವೂ ಇವೆ. ಬೇಸಿಗೆಯ ರಜೆಯಲ್ಲಿ ಕುಟುಂಬವನ್ನು ಬೆಟ್ಟಕ್ಕೋ ಕೆರೆಯ ದಡಕ್ಕೋ ಕರೆದೊಯ್ದು, ರಜೆ ಮುಗಿದ ಮೇಲೆ ಹಿತ್ತಿಲಿಗೆ ಬಂದು ನಿಲ್ಲುತ್ತದೆ. ಮೊದಲ ಕೊರೆಯುವ ರಾತ್ರಿಗೆ ಮುಂಚೆ ಅದರ ಹೊಟ್ಟೆಯಿಂದ ನೀರನ್ನೆಲ್ಲ ಹೊರಹಾಕಬೇಕು. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ 'ವಿಂಟರೈಸ್' ಮಾಡುವುದು ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೊಂದು ಪದ ಹುಟ್ಟಿಲ್ಲ, ಹುಟ್ಟುವ ಅಗತ್ಯವೂ ಬಂದಿಲ್ಲ. ಮನೆಯ ನಲ್ಲಿ ಚಳಿಗೆ ಸೀಳಿಹೋದೀತು ಎಂಬ ಭಯ ಬೀದರಿನಿಂದ ಚಾಮರಾಜನಗರದವರೆಗೆ ಯಾರ ನಿದ್ದೆಯನ್ನೂ ಕೆಡಿಸಿಲ್ಲ.

ಒಂದು ಶನಿವಾರದ ಬೆಳಗ್ಗೆ ಮುಗಿದುಹೋಗುವ ಈ ಕೆಲಸದ ಹಿಂದೆ ಸುಮಾರು ನೂರು ವರ್ಷಗಳ ಚರಿತ್ರೆಯಿದೆ. ಅದರಲ್ಲಿ ಭೌತಶಾಸ್ತ್ರವಿದೆ, ಕೊಳಾಯಿ ಕೆಲಸವಿದೆ, ನೂರಾರು ಜನರನ್ನು ಕೊಂದ ಒಂದು ಸಿಹಿ ವಿಷದ ಕಥೆಯೂ ಇದೆ. ಎಲ್ಲವನ್ನೂ ಬಿಡಿಸುತ್ತ ಹೋದಾಗ ಕೊನೆಗೆ ಉಳಿಯುವುದು ಒಂದು ಪ್ರಶ್ನೆ: ಮನೆಯ ನೀರನ್ನು ಬರಿದು ಮಾಡಿ ಬೀಗ ಹಾಕಿಕೊಂಡು ಹೋಗುವುದು ಯಾರಿಗೆ ಸಾಧ್ಯ?

ಹೆಪ್ಪು ಮತ್ತು ಗಡಿಗೆ

ನೀರು ಗಡ್ಡೆಯಾಗುವುದನ್ನು ನಾವು 'ಹೆಪ್ಪುಗಟ್ಟುವುದು' ಎನ್ನುತ್ತೇವೆ. ಮಾತು ಹಾಲಿನ ಗಡಿಗೆಯದು. ಹಾಲಿಗೆ ಒಂದು ಚಮಚ ಹೆಪ್ಪು ಹಾಕಿಟ್ಟರೆ ಬೆಳಗಾಗುವುದರೊಳಗೆ ಮೊಸರು ಗಟ್ಟಿಯಾಗಿರುತ್ತದೆ. 'ಮಂಜು' ಎಂಬ ಇನ್ನೊಂದು ಪದವಂತೂ ಬೆಳಗಿನ ಮುಸುಕಿಗೂ ಹಿಮಾಲಯದ ಹಿಮಕ್ಕೂ ಸಾಲುತ್ತದೆ. ಹಿಮ ಬೀಳದ ನಾಡಿನ ಭಾಷೆ ತನ್ನ ಅಡುಗೆಮನೆಯಲ್ಲಿ ಕಂಡದ್ದನ್ನೇ ಎತ್ತಿಕೊಂಡು ಕೆಲಸ ಸಾಗಿಸಿದೆ.

ಆದರೆ ಮೊಸರು ಗಡಿಗೆಯನ್ನು ಒಡೆಯುವುದಿಲ್ಲ. ಹಾಲು ತುಂಬಿದ್ದಷ್ಟೇ ಜಾಗದಲ್ಲಿ ಅದು ಗಟ್ಟಿಯಾಗುತ್ತದೆ. ನೀರಿನ ಸ್ವಭಾವ ಬೇರೆ. ಹೆಚ್ಚಿನ ದ್ರವಗಳು ತಣ್ಣಗಾದಂತೆ ಕುಗ್ಗುತ್ತ ಹೋಗಿ, ಗಟ್ಟಿಯಾದಾಗ ಇನ್ನಷ್ಟು ಕುಗ್ಗುತ್ತವೆ. ನೀರು 4 ಡಿಗ್ರಿ ಸೆಲ್ಸಿಯಸ್‌ವರೆಗೆ ಕುಗ್ಗಿ, ಅಲ್ಲಿಂದ ಕೆಳಗೆ ಮತ್ತೆ ಹಿಗ್ಗತೊಡಗುತ್ತದೆ. ಗಡ್ಡೆಯಾಗುವಾಗ ಅದರ ಕಣಗಳು ನಡುವೆ ಜಾಗ ಬಿಟ್ಟು ಆರು ಮೂಲೆಯ ಜಾಲದಂತೆ ಜೋಡಿಸಿಕೊಳ್ಳುವುದರಿಂದ ಗಾತ್ರ ಸುಮಾರು ಶೇ. 9ರಷ್ಟು ಹೆಚ್ಚುತ್ತದೆ. ಮಂಜುಗಡ್ಡೆ ನೀರಿನ ಮೇಲೆ ತೇಲುವುದು ಇದೇ ಕಾರಣಕ್ಕೆ. ಕೆರೆಯ ಮೇಲ್ಪದರ ಕಟ್ಟಿಕೊಂಡರೂ ಅಡಿಯಲ್ಲಿ ಮೀನು ಬದುಕಿರುವುದು ಈ ಗುಣದಿಂದ. ಕೊಳವೆ ಸೀಳುವುದೂ ಅದರಿಂದಲೇ.

ಈ ಶಕ್ತಿ ಎಷ್ಟೆಂದು ಅಳೆದು ನೋಡಿದವರಲ್ಲಿ ಬ್ರಿಟಿಷ್ ಫಿರಂಗಿ ದಳದ ಮೇಜರ್ ಎಡ್ವರ್ಡ್ ವಿಲಿಯಮ್ಸ್ ಒಬ್ಬ. ಕೆನಡಾದ ಕ್ವಿಬೆಕ್‌ನಲ್ಲಿದ್ದ ಅವನು 1784-85ರ ಚಳಿಗಾಲದಲ್ಲಿ ಟೊಳ್ಳು ಕಬ್ಬಿಣದ ಫಿರಂಗಿ ಗುಂಡುಗಳಿಗೆ ನೀರು ತುಂಬಿ, ಬಾಯಿಗೆ ಕಬ್ಬಿಣದ ಬಿರಡೆ ಜಡಿದು ಹೊರಗಿಟ್ಟ. ಕೆಲವು ಗುಂಡುಗಳು ಬಿರಿದವು. ಇನ್ನು ಕೆಲವುಗಳ ಬಿರಡೆ ಕಿತ್ತು ಹಾರಿತು. ಒಂದಂತೂ ನಾನೂರು ಅಡಿಗೂ ದೂರ ಹೋಗಿ ಬಿತ್ತು. ಮದ್ದಿಲ್ಲ, ಬೆಂಕಿಯಿಲ್ಲ, ಒಳಗಿದ್ದದ್ದು ಬರೀ ನೀರು.

ಫಿರಂಗಿಯ ಗುಂಡೇ ತಡೆಯಲಾರದ್ದನ್ನು ಅಡುಗೆಮನೆಯ ಕೊಳವೆ ಹೇಗೆ ತಡೆದೀತು? ಇಲ್ಲೊಂದು ಸೂಕ್ಷ್ಮವಿದೆ. ಕೊಳವೆಯೊಳಗೆ ಗಡ್ಡೆ ಕಟ್ಟಿದ ಜಾಗದಲ್ಲೇ ಸೀಳು ಬೀಳಬೇಕೆಂದಿಲ್ಲ. ಗಡ್ಡೆ ಬಿರಡೆಯಂತೆ ಬೆಳೆಯುತ್ತ ಮುಂದಿನ ನೀರನ್ನು ತಳ್ಳುತ್ತದೆ. ಆ ನೀರಿನ ಇನ್ನೊಂದು ತುದಿಯಲ್ಲಿ ಮುಚ್ಚಿದ ನಲ್ಲಿ. ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿಯಿಲ್ಲದೆ ಒತ್ತಡ ಏರುತ್ತ ಏರುತ್ತ, ಎಲ್ಲಿ ದುರ್ಬಲವೋ ಅಲ್ಲಿ ಕೊಳವೆ ಬಿಚ್ಚಿಕೊಳ್ಳುತ್ತದೆ. ಚಳಿಯ ರಾತ್ರಿ ನಲ್ಲಿಯನ್ನು ಸ್ವಲ್ಪ ತೊಟ್ಟಿಕ್ಕಲು ಬಿಡಿ ಎಂದು ಅಲ್ಲಿನ ಹಿರಿಯರು ಹೇಳುವುದರ ಗುಟ್ಟು ಇದು. ಹನಿಯುವ ನಲ್ಲಿ ಒತ್ತಡಕ್ಕೆ ಬಾಗಿಲು ತೆರೆದಿಡುತ್ತದೆ. 1990ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಈ ಪ್ರಯೋಗ ಮಾಡಿ, ಹೊದಿಕೆಯಿಲ್ಲದ ಕೊಳವೆಗಳ ಸುತ್ತಲ ಗಾಳಿ ಸುಮಾರು ಮೈನಸ್ 7 ಡಿಗ್ರಿಗೆ ಇಳಿದಾಗ ಅಪಾಯ ಶುರುವಾಗುತ್ತದೆ ಎಂದು ಕಂಡುಕೊಂಡರು.

ಇಟ್ಟಿಗೆಯ ಮನೆಗೆ ನೆಲಮಾಳಿಗೆಯಿದೆ, ದಪ್ಪ ಗೋಡೆಯಿದೆ, ಒಳಗೆ ಬಿಸಿ ಇದೆ. ಹಿತ್ತಿಲಲ್ಲಿ ನಿಂತ ಟ್ರೇಲರಿಗೆ ಇವು ಯಾವುವೂ ಇಲ್ಲ. ಅದರ ನೆಲದ ಕೆಳಗೂ ಗಾಳಿಯೇ ಬೀಸುತ್ತದೆ. ಕೇಡಿನ ಇನ್ನೊಂದು ಮುಖವೆಂದರೆ ಅದು ಅಡಗಿ ಕೂರುತ್ತದೆ. ಕೊಳವೆ ಸೀಳುವುದು ಜನವರಿಯಲ್ಲಾದರೂ ಗಡ್ಡೆಯೇ ಗಾಯಕ್ಕೆ ಬಿರಡೆಯಾಗಿ ನಿಂತಿರುತ್ತದೆ. ಏಪ್ರಿಲಿನಲ್ಲಿ ಸಡಗರದಿಂದ ಬಾಗಿಲು ತೆರೆದು ಪಂಪಿನ ಗುಂಡಿ ಒತ್ತಿದಾಗ ಗೋಡೆಯೊಳಗಿನಿಂದ ನೀರು ಸುರಿಯತೊಡಗುತ್ತದೆ.

ಚಳಿಯಿಂದ ಓಡಿಹೋಗುತ್ತಿದ್ದ ಮನೆ

ಹೀಗಿದ್ದರೂ ಮೊದಲ ಟ್ರೇಲರುಗಳ ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲ. ಒಂದು ಕಾರಣ, ಅವುಗಳಲ್ಲಿ ಒಡೆಯಲು ಕೊಳವೆಗಳಿರಲಿಲ್ಲ. ಇನ್ನೊಂದು, ಅವು ಹುಟ್ಟಿದ್ದೇ ಚಳಿಯನ್ನು ತಪ್ಪಿಸಿಕೊಳ್ಳಲು.

ಮೊದಲ ಮಹಾಯುದ್ಧದ ನಂತರ ಅಗ್ಗದ ಫೋರ್ಡ್ ಕಾರು ಸಾಮಾನ್ಯರ ಕೈಗೆ ಬಂದಾಗ, ಉತ್ತರದ ರಾಜ್ಯಗಳ ಅನೇಕರು ಚಳಿಗಾಲದಲ್ಲಿ ಗಂಟುಮೂಟೆ ಕಟ್ಟಿ ಫ್ಲಾರಿಡಾಕ್ಕೆ ಹೊರಡತೊಡಗಿದರು. 1919ರಲ್ಲಿ ಅಲ್ಲಿನ ಟ್ಯಾಂಪಾ ನಗರದ ಬಯಲಿನಲ್ಲಿ ಬೀಡುಬಿಟ್ಟ ಇಂಥವರು ಸೇರಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಕೂಟ ಕಟ್ಟಿಕೊಂಡರು. ತಗಡಿನ ಡಬ್ಬಿಯ ಆಹಾರ ತಿಂದು, ಕಾರಿನ ಪಕ್ಕ ಡೇರೆ ಹಾಕಿ ಮಲಗುವವರು ಎಂಬರ್ಥದ ಹೆಸರು. ಚಳಿ ಬಂದಾಗ ದಕ್ಷಿಣಕ್ಕೆ ಹಾರುವ ಹಕ್ಕಿಗಳ ಉಪಾಯವೇ ಇವರದೂ. ಇಂದಿಗೂ ಹೀಗೆ ಹೋಗಿಬರುವ ನಿವೃತ್ತರನ್ನು 'ಹಿಮಹಕ್ಕಿಗಳು' ಎಂದೇ ಕರೆಯುತ್ತಾರೆ.

ಡೇರೆಯಿಂದ ಗಟ್ಟಿ ಗೋಡೆಗೆ ಬಂದ ಕಥೆಯಲ್ಲಿ ಡೆಟ್ರಾಯಿಟ್‌ನ ಆರ್ಥರ್ ಶರ್ಮನ್‌ನ ಹೆಸರು ಮುಖ್ಯ. ಅವನು ಬ್ಯಾಕ್ಟೀರಿಯಾ ತಜ್ಞ, ಔಷಧ ಕಂಪನಿಯೊಂದರ ಮುಖ್ಯಸ್ಥ. 1929ರ ಬೇಸಿಗೆಯಲ್ಲಿ ಸಂಸಾರದೊಂದಿಗೆ ಶಿಬಿರಕ್ಕೆ ಹೋದಾಗ, ನಿಮಿಷಗಳಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಮಾರಿದ್ದ ಡೇರೆ-ಟ್ರೇಲರಿನ ಜೊತೆ ಮಳೆಯಲ್ಲಿ ಗುದ್ದಾಡಿ ಸಾಕಾಯಿತು. ಮನೆಗೆ ಬಂದವನೇ ಗಟ್ಟಿ ಗೋಡೆಯ, ಆರಡಿ ಅಗಲ ಒಂಬತ್ತಡಿ ಉದ್ದದ ಪೆಟ್ಟಿಗೆಯೊಂದನ್ನು ಮಾಡಿಸಿದ. ಹಿಂದಿನ ಕಾಲದ ವಲಸೆಗಾರರ ಕಮಾನುಗಾಡಿಯನ್ನು ನೆನೆದು ಮಕ್ಕಳು ಅದಕ್ಕೆ 'ಕವರ್ಡ್ ವ್ಯಾಗನ್' ಎಂದು ಹೆಸರಿಟ್ಟರು. 1930ರ ಡೆಟ್ರಾಯಿಟ್ ಕಾರು ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟ. ಕೆಲವೇ ವರ್ಷಗಳಲ್ಲಿ ಅವನ ಕಂಪನಿ ದೇಶದ ಅತಿದೊಡ್ಡ ಟ್ರೇಲರ್ ತಯಾರಕನಾಯಿತು.

ಆರ್ಥಿಕ ಕುಸಿತದ ಆ ದಶಕದಲ್ಲಿ ಟ್ರೇಲರಿಗೆ ಎರಡು ಬದುಕು ಒಟ್ಟಿಗೆ ಶುರುವಾದವು. ಕೆಲವರಿಗೆ ಅದು ರಜೆಯ ಆಟಿಕೆ. ಮನೆ ಕಳೆದುಕೊಂಡವರಿಗೆ, ಕೆಲಸ ಹುಡುಕಿ ಊರೂರು ಸುತ್ತುವವರಿಗೆ ಅದೇ ಮನೆ. ಇನ್ನು ಇಪ್ಪತ್ತು ವರ್ಷಗಳಲ್ಲಿ ಅರ್ಧ ಅಮೆರಿಕ ಟ್ರೇಲರಿನಲ್ಲಿ ಬದುಕುತ್ತದೆ ಎಂದು ರೋಜರ್ ಬ್ಯಾಬ್ಸನ್ ಎಂಬ ಹೆಸರಾಂತ ಆರ್ಥಿಕ ಭವಿಷ್ಯಕಾರ ಹೇಳಿದ್ದ. ಅದು ನಿಜವಾಗಲಿಲ್ಲ. ಆದರೆ ಅಂದು ಕವಲೊಡೆದ ಆ ಎರಡು ಬದುಕು ಇಂದಿಗೂ ಉಳಿದಿವೆ. ಗುಲಾಬಿ ದ್ರವ ಸೇರಿದ್ದು ಅವುಗಳಲ್ಲಿ ಒಂದಕ್ಕೆ ಮಾತ್ರ.

ಒಂದೊಂದು ಸುಖಕ್ಕೂ ಒಂದೊಂದು ಕೊಳವೆ

1936ರಲ್ಲಿ ವಾಲಿ ಬಯಾಮ್ ಎಂಬವನು 'ಏರ್‌ಸ್ಟ್ರೀಮ್ ಕ್ಲಿಪ್ಪರ್' ಹೊರತಂದ. ವಿಮಾನದ ಮೈಯಂತೆ ಹೊಳೆಯುವ ಅಲ್ಯೂಮಿನಿಯಂ ಹೊದಿಕೆ, ನಾಲ್ವರು ಮಲಗುವ ಜಾಗ, ವಿದ್ಯುತ್ ದೀಪ, ಜೊತೆಗೆ ಸ್ವಂತ ನೀರಿನ ವ್ಯವಸ್ಥೆ. ಬೆಲೆ 1,200 ಡಾಲರ್, ಆ ಕಾಲಕ್ಕೆ ದೊಡ್ಡ ಮೊತ್ತ. ಆಗಿನ ಟ್ರೇಲರುಗಳಲ್ಲಿ ನೀರಿನ ವ್ಯವಸ್ಥೆಯೆಂದರೆ ಸಾಮಾನ್ಯವಾಗಿ ಸಣ್ಣ ಟ್ಯಾಂಕು, ಸಿಂಕಿನ ಪಕ್ಕದಲ್ಲೊಂದು ಕೈಪಂಪು. ಅದನ್ನು ಬರಿದು ಮಾಡಲು ವಿಶೇಷ ಪಾಂಡಿತ್ಯ ಬೇಕಿರಲಿಲ್ಲ. ಅಡಿಯ ತೂಬು ತೆಗೆದು, ಪಂಪನ್ನು ನಾಲ್ಕು ಸಲ ಒತ್ತಿದರೆ ಮುಗಿಯಿತು.

ಯುದ್ಧ ಮುಗಿದ ಮೇಲೆ ಚಿತ್ರ ಬದಲಾಯಿತು. ಸಂಬಳ ಸಹಿತ ರಜೆ ಸಾಮಾನ್ಯವಾಯಿತು. 1956ರ ಹೆದ್ದಾರಿ ಕಾಯ್ದೆಯಿಂದ ದೇಶದ ಉದ್ದಗಲಕ್ಕೂ ವಿಶಾಲ ರಸ್ತೆಗಳು ಬರತೊಡಗಿದವು. ಗಾಲಿಮನೆಯ ಎರಡು ಬದುಕುಗಳು ಎರಡು ಬೇರೆ ವಸ್ತುಗಳೇ ಆದವು. 1954ರಲ್ಲಿ ವಿಸ್ಕಾನ್ಸಿನ್‌ನ ಎಲ್ಮರ್ ಫ್ರೇ ಹತ್ತಡಿ ಅಗಲದ ಮಾದರಿಯನ್ನು ತಂದ ಮೇಲೆ 'ಮೊಬೈಲ್ ಹೋಮ್' ಎಂಬುದು ಒಮ್ಮೆ ಎಳೆದುತಂದು ನಿಲ್ಲಿಸಿದರೆ ಬಹುಪಾಲು ಅಲ್ಲೇ ಉಳಿಯುವ ಬಡವರ ಮನೆಯಾಯಿತು. ಟ್ರಾವೆಲ್ ಟ್ರೇಲರ್ ಮಧ್ಯಮವರ್ಗದ ರಜೆಯ ವಾಹನವಾಗಿ ಉಳಿಯಿತು.

ರಜೆಯ ವಾಹನಕ್ಕೆ ಮನೆಯ ಸುಖಗಳೆಲ್ಲ ಒಂದೊಂದಾಗಿ ಹತ್ತಿದವು. ಯಾವ ಊರಿನ ನಲ್ಲಿಯನ್ನೂ ವಿದ್ಯುತ್ತನ್ನೂ ನಂಬದೆ ತಾನೇ ತಾನಾಗಿ ನಿಲ್ಲಬಲ್ಲ ಟ್ರೇಲರ್ ಬೇಕೆಂಬುದು ಬಯಾಮ್‌ನ ಕನಸು. 1957ರಲ್ಲಿ ಅಂಥದ್ದೊಂದು ಮಾದರಿ ಮಾರುಕಟ್ಟೆಗೆ ಬಂತು. ಏರ್‌ಸ್ಟ್ರೀಮ್ ಮಾಲೀಕರ ಸಾಲುಗಳು ಖಂಡಾಂತರಗಳನ್ನು ದಾಟಿದವು: 1959-60ರಲ್ಲಿ ಕೇಪ್‌ಟೌನ್‌ನಿಂದ ಕೈರೋಗೆ, ಬಯಾಮ್ ತೀರಿಕೊಂಡ ನಂತರ 1963-64ರಲ್ಲಿ ಸಿಂಗಪುರದಿಂದ ಹೊರಟು ಭಾರತವನ್ನೂ ಹಾದು ಯೂರೋಪಿಗೆ. ಕೈಪಂಪಿನ ಜಾಗಕ್ಕೆ ಗಾಳಿ ತುಂಬಿ ಒತ್ತಡ ಕೊಡುವ ಟ್ಯಾಂಕು, ಆಮೇಲೆ ನಲ್ಲಿ ತಿರುಗಿಸಿದೊಡನೆ ತಾನಾಗಿ ಓಡುವ 12 ವೋಲ್ಟಿನ ಪುಟ್ಟ ಪಂಪು ಬಂದವು. ಬಿಸಿನೀರಿಗೆ ಗ್ಯಾಸ್ ಗೀಸರು. ಸಿಂಕು, ಷವರಿನ ಬಳಸಿದ ನೀರಿಗೆ ಒಂದು ಟ್ಯಾಂಕು, ಕಮೋಡಿಗೆ ಇನ್ನೊಂದು. ಮರಳು ಮೆತ್ತಿದ ಕಾಲು ತೊಳೆಯಲು ಹೊರಗೋಡೆಯಲ್ಲೂ ಒಂದು ಷವರು.

ಪ್ರತಿಯೊಂದು ಸುಖದ ಜೊತೆಗೂ ನೀರು ನಿಲ್ಲುವ ಒಂದು ಹೊಸ ಮೂಲೆ ಹುಟ್ಟಿತು. ಇಷ್ಟೆಲ್ಲ ಹೊತ್ತ ವಾಹನ ವರ್ಷದ ಬಹುಪಾಲು ನಿಂತಲ್ಲೇ ನಿಂತಿತ್ತು. ಅದರ ಒಡೆಯ ಹಿಮಹಕ್ಕಿಯಲ್ಲ. ಕಾರ್ಖಾನೆಗೋ ಕಚೇರಿಗೋ ಹೋಗುವವನು. ಚಳಿ ಬಂತೆಂದು ಅವನು ಫ್ಲಾರಿಡಾಕ್ಕೆ ಹೊರಡುವಂತಿಲ್ಲ. ಮನೆ ಚಳಿಯಿಂದ ಓಡಿಹೋಗಲಾರದು ಎಂದಾದಾಗ ನೀರನ್ನೇ ಮನೆಯಿಂದ ಕಳಿಸಬೇಕಾಯಿತು.

ಶನಿವಾರದ ಕೆಲಸ

ಇಂದು ಅಮೆರಿಕದ ಗಾಲಿಮನೆಗಳಲ್ಲಿ ಹೆಚ್ಚಿನವು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಸುತ್ತಮುತ್ತ. ಅದೂ ಚಳಿಯ ಸೀಮೆಯೇ. ಅಲ್ಲಿಂದ ಹೊರಬರುವ ಟ್ರೇಲರುಗಳಲ್ಲಿ ಚಳಿಗೆ ಬೇಕಾದ ತೂಬು, ವಾಲ್ವುಗಳನ್ನು ಸಾಮಾನ್ಯವಾಗಿ ಮೊದಲೇ ಕೂರಿಸಿರುತ್ತಾರೆ. ಕೆಲಸದ ಕ್ರಮವೂ ಹೆಚ್ಚುಕಡಿಮೆ ಎಲ್ಲೆಡೆ ಒಂದೇ.

ಮೊದಲು ಗೀಸರನ್ನು ಆರಿಸಿ, ನೀರು ತಣಿಯುವವರೆಗೆ ಕಾಯಬೇಕು. ಬಿಸಿಯಿರುವಾಗಲೇ ಬಿರಡೆ ತೆಗೆದರೆ ಒತ್ತಡದಲ್ಲಿದ್ದ ಕುದಿನೀರು ಮೈಮೇಲೆ ಹಾರುತ್ತದೆ. ಬಳಿಕ ಶುದ್ಧ ನೀರಿನ ಟ್ಯಾಂಕನ್ನೂ ಕೊಳೆನೀರಿನ ಎರಡು ಟ್ಯಾಂಕುಗಳನ್ನೂ ಖಾಲಿ ಮಾಡಬೇಕು. ಕೊಳವೆಗಳ ಅತಿ ತಗ್ಗಿನ ಜಾಗದಲ್ಲಿ, ಗಾಡಿಯ ಅಡಿಯಲ್ಲಿ, ಬಿಸಿನೀರಿಗೊಂದು ತಣ್ಣೀರಿಗೊಂದು ತೂಬು ಇರುತ್ತದೆ. ಅವನ್ನು ತೆಗೆದು, ಒಳಗಿನ ನಲ್ಲಿಗಳನ್ನೆಲ್ಲ ತೆರೆದಿಟ್ಟರೆ ಗಾಳಿ ಒಳನುಗ್ಗಿ ನೀರು ಇಳಿಯುತ್ತದೆ. ಶೋಧಕವಿದ್ದರೆ ಅದನ್ನೂ ಬಿಚ್ಚಿಡಬೇಕು.

ಇಷ್ಟಾದರೂ ಬಾಗುಗಳಲ್ಲಿ, ಪಂಪಿನ ಹೊಟ್ಟೆಯಲ್ಲಿ, ಕಮೋಡಿನ ವಾಲ್ವಿನಲ್ಲಿ ನೀರು ಉಳಿದೇ ಇರುತ್ತದೆ. ಅದನ್ನು ತೆಗೆಯಲು ಎರಡು ದಾರಿ. ಒಂದು ಗಾಳಿಯದು. ಪಂಕ್ಚರ್ ಅಂಗಡಿಯಲ್ಲಿರುವಂಥ ಕಂಪ್ರೆಸರನ್ನು ಜೋಡಿಸಿ, ಕಾರಿನ ಟೈರಿಗಿಂತ ತುಸು ಹೆಚ್ಚು ಒತ್ತಡದಲ್ಲಿ ಊದಿ, ಒಂದೊಂದೇ ನಲ್ಲಿ ತೆರೆಯುತ್ತ ಹನಿಗಳನ್ನು ಹೊರದಬ್ಬುವುದು. ಒತ್ತಡ ಅತಿಯಾದರೆ ಚಳಿ ಮಾಡಬೇಕಿದ್ದ ಹಾನಿಯನ್ನು ಕಂಪ್ರೆಸರೇ ಮಾಡಿಬಿಡುತ್ತದೆ.

ಇನ್ನೊಂದು ಗುಲಾಬಿ ದ್ರವದ ದಾರಿ. ಮೊದಲು ಗೀಸರನ್ನು ಬಳಸಿಕೊಂಡು ಹೋಗುವ ಅಡ್ಡದಾರಿಯ ವಾಲ್ವು ತಿರುಗಿಸಬೇಕು. ಅದನ್ನು ಮರೆತರೆ ಆರು ಗ್ಯಾಲನ್ ಹಿಡಿಯುವ ಗೀಸರೇ ದ್ರವವನ್ನೆಲ್ಲ ಕುಡಿದುಬಿಡುತ್ತದೆ. ಬಳಿಕ ಪಂಪಿನ ಹೀರುಕೊಳವೆಯನ್ನು ಕ್ಯಾನಿನೊಳಗೆ ಇಳಿಬಿಟ್ಟು, ನಲ್ಲಿಗಳನ್ನು ಒಂದಾದ ಮೇಲೊಂದು ತೆರೆದು, ಗುಲಾಬಿ ಬಣ್ಣ ಬರುವ ತನಕ ಹರಿಸಬೇಕು. ಬಿಸಿನೀರಿನದೂ ತಣ್ಣೀರಿನದೂ, ಷವರಿನದೂ, ಕಮೋಡಿನದೂ. ಹೊರಗೋಡೆಯ ಷವರನ್ನು ಮರೆಯುವವರು ಬಹಳ. ವಸಂತದಲ್ಲಿ ಮೊದಲು ಸೋರುವುದೂ ಅದೇ. ಕೊನೆಗೆ ಸಿಂಕಿನ ಅಡಿಯ ಬಾಗುಕೊಳವೆಗೆ ಒಂದು ಲೋಟ ಸುರಿದರೆ ಆಯಿತು. ಸಾಧಾರಣ ಟ್ರೇಲರಿಗೆ ಎರಡು ಮೂರು ಕ್ಯಾನು ಸಾಕು.

ಈ ದ್ರವ ಗಡ್ಡೆ ಕಟ್ಟುವುದೇ ಇಲ್ಲ ಎಂದು ಅನೇಕರ ನಂಬಿಕೆ. ಮಾಮೂಲಿ ಕ್ಯಾನಿನ ಮೇಲೆ ಮೈನಸ್ 50 ಎಂದು ಬರೆದಿರುತ್ತದೆ. ಅದು ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ ಮೈನಸ್ 46ರ ಆಸುಪಾಸು. ಆದರೆ ಅದಕ್ಕಿಂತ ಎಷ್ಟೋ ಮೊದಲು, ಸುಮಾರು ಮೈನಸ್ 10ರಲ್ಲೇ, ಆ ದ್ರವ ಐಸ್‌ಗೋಲಾದಂತೆ ಮೆದುವಾಗಿ ಕಟ್ಟತೊಡಗುತ್ತದೆ. ಬರೆದ ಅಂಕಿ ಕೊಳವೆ ಒಡೆಯದಿರುವ ಮಿತಿಯದು. ಕಲ್ಲಾಗದ ಮುದ್ದೆ ಕೊಳವೆಯೊಳಗೆ ಅತ್ತಿತ್ತ ಜರುಗಿ ಜಾಗ ಮಾಡಿಕೊಳ್ಳುತ್ತದೆ.

ಸಿಹಿಯ ಮನೆತನ

ಗುಲಾಬಿ ಕ್ಯಾನಿನಲ್ಲಿ ಸಾಮಾನ್ಯವಾಗಿ ಇರುವುದು ಪ್ರೊಪಿಲೀನ್ ಗ್ಲೈಕಾಲ್. ನೀರಿನ ಕಣಗಳು ಜಾಲ ಹೆಣೆಯದಂತೆ ನಡುವೆ ಬಂದು ಕೂರುವುದು ಅದರ ಕೆಲಸ. ಅದಕ್ಕೊಂದು ಮನೆತನವಿದೆ, ಆ ಮನೆತನದಲ್ಲಿ ಕೊಲೆಗಡುಕರಿದ್ದಾರೆ.

ಕಾರಿನ ಎಂಜಿನ್ನಿಗೂ ಚಳಿಯ ಇದೇ ಕಾಟವಿತ್ತು. ಮೊದಲು ಅದರ ನೀರಿಗೆ ಆಲ್ಕೋಹಾಲ್ ಬೆರೆಸುತ್ತಿದ್ದರು, ಅದು ಎಂಜಿನ್ನಿನ ಬಿಸಿಗೆ ಆವಿಯಾಗಿ ಹೋಗುತ್ತಿತ್ತು. 1927ರಲ್ಲಿ 'ಪ್ರೆಸ್ಟೋನ್' ಹೆಸರಿನಲ್ಲಿ ಎಥಿಲೀನ್ ಗ್ಲೈಕಾಲ್ ಮಾರುಕಟ್ಟೆಗೆ ಬಂತು. ಅದು ಆವಿಯಾಗುವುದಿಲ್ಲ, ಗಡ್ಡೆಯನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ರುಚಿ ಸಿಹಿ, ಗುಣ ವಿಷ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಗ್ಯಾರೇಜಿನ ನೆಲದಲ್ಲಿ ಚೆಲ್ಲಿದ್ದನ್ನು ನೆಕ್ಕಿ ಸತ್ತ ನಾಯಿ ಬೆಕ್ಕುಗಳಿಗೆ ಲೆಕ್ಕವಿಲ್ಲ. ಅದಕ್ಕೆ ಕಹಿ ಬೆರೆಸಬೇಕೆಂದು ಅಮೆರಿಕದ ಕೆಲವು ರಾಜ್ಯಗಳು ಕಾನೂನನ್ನೇ ಮಾಡಬೇಕಾಯಿತು.

ಅದರ ದಾಯಾದಿ ಡೈಎಥಿಲೀನ್ ಗ್ಲೈಕಾಲ್ ಇನ್ನೂ ದೊಡ್ಡ ಅನಾಹುತ ಮಾಡಿತು. 1937ರಲ್ಲಿ ಟೆನ್ನೆಸ್ಸೀ ರಾಜ್ಯದ ಔಷಧ ಕಂಪನಿಯೊಂದು ಸಲ್ಫಾ ಔಷಧವನ್ನು ಮಕ್ಕಳಿಗೂ ಕುಡಿಸಲು ಬರುವಂತೆ ಈ ದ್ರವದಲ್ಲಿ ಕರಗಿಸಿ, ಹಣ್ಣಿನ ಸವಿ ಸೇರಿಸಿ 'ಎಲಿಕ್ಸಿರ್ ಸಲ್ಫಾನಿಲಮೈಡ್' ಎಂದು ಮಾರಿತು. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೇ ಅನೇಕರು. ಮಾರುವ ಮುಂಚೆ ಔಷಧ ಸುರಕ್ಷಿತವೆಂದು ತೋರಿಸಬೇಕೆಂಬ ಕಾನೂನು ಆಗ ಇರಲಿಲ್ಲ. ಎಲಿಕ್ಸಿರ್ ಎಂದರೆ ಅದರಲ್ಲಿ ಆಲ್ಕೋಹಾಲ್ ಇರಬೇಕು, ಇದರಲ್ಲಿ ಇಲ್ಲ, ಆದ್ದರಿಂದ ಹೆಸರು ತಪ್ಪು: ಕಂಪನಿಯ ಮೇಲೆ ಹೊರಿಸಲು ಸಿಕ್ಕಿದ್ದು ಈ ಆರೋಪ ಮಾತ್ರ. ಒಂದು ಪದದ ಅರ್ಥದ ಮೇಲೆ ನ್ಯಾಯ ನೇತಾಡಿತು. ಮರುವರ್ಷವೇ, 1938ರಲ್ಲಿ, ಆಹಾರ ಮತ್ತು ಔಷಧಗಳ ಹೊಸ ಕಾಯ್ದೆ ಬಂತು.

ಮುಂಬಯಿಯ ಓದುಗರಿಗೆ ಇಲ್ಲಿ ಜೆ.ಜೆ. ಆಸ್ಪತ್ರೆ ನೆನಪಾಗದೆ ಇರದು. 1986ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಗ್ಲಿಸರಿನ್ ಕೊಟ್ಟ 14 ರೋಗಿಗಳು ಮೂತ್ರಪಿಂಡ ಕೆಟ್ಟು ಸತ್ತರು. ಗ್ಲಿಸರಿನ್‌ನಲ್ಲಿ ಬೆರೆತಿದ್ದದ್ದು ಇದೇ ಡೈಎಥಿಲೀನ್ ಗ್ಲೈಕಾಲ್. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ಖರೀದಿಯ ಭ್ರಷ್ಟ ಸರಪಳಿಯನ್ನೇ ಬಿಡಿಸಿಟ್ಟಿತು. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ಬೆನ್ನಲ್ಲೇ ಭಾರತದಲ್ಲಿ ತಯಾರಾದ ಕೆಮ್ಮಿನ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಾಗಲೂ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳು ಸತ್ತಾಗಲೂ ಕೇಳಿಬಂದದ್ದು ಇದೇ ವಂಶದ ಹೆಸರು. ಸಿರಪ್ಪಿಗೆ ಬಳಸಬೇಕಾದ ನಿರಪಾಯಕಾರಿ ದ್ರವಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಒಂದು. ಕಾರ್ಖಾನೆಯ ಅಗ್ಗದ ವಿಷ ಅದರ ವೇಷದಲ್ಲಿ ಬಂದುಬಿಡುತ್ತದೆ.

ಗಾಲಿಮನೆಯ ಕೊಳವೆಯಲ್ಲಿ ವಸಂತದ ಹೊತ್ತಿಗೆ ಮತ್ತೆ ಕುಡಿಯುವ ನೀರು ಹರಿಯಬೇಕು. ಎಷ್ಟು ತೊಳೆದರೂ ಒಂದೆರಡು ಹನಿ ಉಳಿದೀತು. ಆದ್ದರಿಂದ ಹಸಿರು ಬಣ್ಣದ ಕಾರಿನ ದ್ರವ ಅಲ್ಲಿಗೆ ಸಲ್ಲದು. ಆಹಾರ, ಔಷಧಗಳಲ್ಲೂ ಬಳಸಲು ಅನುಮತಿಯಿರುವ ಪ್ರೊಪಿಲೀನ್ ಗ್ಲೈಕಾಲೇ ಬೇಕು. ಗುಲಾಬಿ ಬಣ್ಣ ಆ ಬೇಧವನ್ನು ಕಣ್ಣಿಗೆ ಕಾಣಿಸುವ ಗುರುತು. ಈಗ ಕಾರಿನ ದ್ರವಗಳೂ ಕೆಂಪು, ಕಿತ್ತಳೆ, ಗುಲಾಬಿ ಬಣ್ಣಗಳಲ್ಲಿ ಬರುತ್ತಿರುವುದರಿಂದ ಬಣ್ಣವನ್ನಷ್ಟೇ ನಂಬುವಂತಿಲ್ಲ. ಕ್ಯಾನಿನ ಮೇಲಿನ ಅಕ್ಷರ ಓದಲೇಬೇಕು.

ನೀರು ಬಿಡಲಾಗದವರು

ಆದರೆ ಈ ಕ್ರಮ, ಈ ಕ್ಯಾನು, ಈ ಎಚ್ಚರ ಎಲ್ಲವೂ ಒಂದು ಮಾತನ್ನು ಹೇಳದೆಯೇ ಒಪ್ಪಿಕೊಂಡಿವೆ. ಟ್ರೇಲರಿನ ನೀರು ಬರಿದಾದ ರಾತ್ರಿ ಅದರ ಒಡೆಯ ಬಿಸಿನೀರು ಬರುವ ಇನ್ನೊಂದು ಮನೆಗೆ ಹೋಗಿ ಮಲಗುತ್ತಾನೆ. ಎರಡನೆಯ ಸೂರು ಇದ್ದವರಿಗೆ ಮಾತ್ರ ಇದು ಸಾಧ್ಯ.

ಎರಡನೆಯ ಮಹಾಯುದ್ಧದ ವೇಳೆ ಮಿಷಿಗನ್‌ನ ವಿಲೋ ರನ್‌ನಲ್ಲಿ ಫೋರ್ಡ್ ಕಂಪನಿ ಬಿ-24 ಬಾಂಬರ್ ವಿಮಾನಗಳ ಬೃಹತ್ ಕಾರ್ಖಾನೆ ತೆರೆಯಿತು. ದಕ್ಷಿಣದ ರಾಜ್ಯಗಳಿಂದ ಕೆಲಸಗಾರರು ಸಾವಿರಾರು ಸಂಖ್ಯೆಯಲ್ಲಿ ಬಂದರು, ಇರಲು ಮನೆಗಳಿರಲಿಲ್ಲ. ಸರ್ಕಾರ ಟ್ರೇಲರುಗಳ ಸಾಲುಗಳನ್ನೇ ನಿಲ್ಲಿಸಿತು. ಅವುಗಳೊಳಗೆ ಕೊಳಾಯಿಯೂ ಇಲ್ಲ, ಶೌಚವೂ ಇಲ್ಲ. ಸಾಲಿನ ನಡುವೆ ಸಾಮೂಹಿಕ ಸ್ನಾನಗೃಹ. ಮಿಷಿಗನ್‌ನ ಚಳಿಯಲ್ಲಿ ರಾತ್ರಿಪಾಳಿ ಮುಗಿಸಿ ಬಂದವರು ಬಕೆಟ್ಟಿನಲ್ಲಿ ನೀರು ಹೊತ್ತರು. ಕೊಳವೆಯಿಲ್ಲದ್ದರಿಂದ ಒಡೆಯುವ ಚಿಂತೆ ಅವರಿಗಿರಲಿಲ್ಲ.

ಎಪ್ಪತ್ತು ವರ್ಷಗಳ ನಂತರ, 2010ರ ಆಸುಪಾಸಿನಲ್ಲಿ, ನಾರ್ತ್ ಡಕೋಟಾದ ವಿಲಿಸ್ಟನ್ ಸುತ್ತ ತೈಲದ ಭರಾಟೆ ಎದ್ದಾಗ ಇದೇ ದೃಶ್ಯ ಮರಳಿತು. ಉದ್ಯೋಗವಿತ್ತು, ಸಂಬಳವಿತ್ತು, ಬಾಡಿಗೆಗೆ ಮನೆಯಿರಲಿಲ್ಲ. ಮೈನಸ್ 30 ಡಿಗ್ರಿಗೂ ಇಳಿಯಬಲ್ಲ ಆ ಬಯಲಿನಲ್ಲಿ ಜನ ರಜೆಗೆಂದು ಮಾಡಿದ ಟ್ರೇಲರುಗಳಲ್ಲೇ ಚಳಿಗಾಲ ಕಳೆದರು. ಗಾಡಿಯ ಸುತ್ತ ಪ್ಲೈವುಡ್, ಥರ್ಮಾಕೋಲ್ ಹಲಗೆ, ಹುಲ್ಲಿನ ಪೆಂಡಿಗಳನ್ನು ಒಟ್ಟಿ ಅಡಿಯ ಗಾಳಿಯನ್ನು ತಡೆದರು. ನೀರಿನ ಪೈಪಿಗೆ ಬಿಸಿಯಾಗುವ ವಿದ್ಯುತ್ ಪಟ್ಟಿ ಸುತ್ತಿದರು. ಗ್ಯಾಸ್ ಸಿಲಿಂಡರು ಯಾವ ಗಳಿಗೆಯಲ್ಲಿ ಮುಗಿಯುತ್ತದೋ ಎಂಬ ಎಚ್ಚರದಲ್ಲೇ ಮಲಗಿದರು. ನೀರನ್ನು ಬರಿದು ಮಾಡಿ ಹೋಗಲು ಅವರಿಗೆ ಬೇರೆ ಜಾಗವಿರಲಿಲ್ಲ. ಜೆಸಿಕಾ ಬ್ರೂಡರ್ 2017ರಲ್ಲಿ ಪ್ರಕಟಿಸಿದ 'ನೋಮಡ್‌ಲ್ಯಾಂಡ್' ಪುಸ್ತಕದಲ್ಲಿ, ಅದನ್ನು ಆಧರಿಸಿ ಆಸ್ಕರ್ ಗೆದ್ದ ಚಲನಚಿತ್ರದಲ್ಲಿ ಕಾಣುವ ವೃದ್ಧರೂ ಇದೇ ಕವಲಿನವರು. ಮನೆ ಕಳೆದುಕೊಂಡು ಗಾಡಿಗಳಲ್ಲಿ ಬದುಕುತ್ತ, ಚಳಿ ಬಂದಾಗ ಅರಿಜೋನಾದ ಮರುಭೂಮಿಗೆ ಇಳಿಯುತ್ತಾರೆ. ಅವರ ದಾರಿ ಟಿನ್ ಕ್ಯಾನ್ ಟೂರಿಸ್ಟರ ದಾರಿಯೇ, ಆದರೆ ಹಿಂದಿರುಗಲು ಮನೆಯಿಲ್ಲ.

ಭಾರತದಲ್ಲಿ ಈ ಲೆಕ್ಕಾಚಾರವನ್ನು ಬಲ್ಲವರು ಲಡಾಖಿನವರು. ಲೇಹ್‌ನಲ್ಲಿ ಚಳಿಗಾಲದ ರಾತ್ರಿ ಮೈನಸ್ 20ರ ಸುತ್ತ ಇಳಿಯುತ್ತದೆ. ಅಲ್ಲಿನ ಹಳೆಯ ಮನೆಗಳ ಶೌಚಕ್ಕೆ ನೀರೇ ಬೇಡ. ಮಹಡಿಯ ಕೋಣೆಯಿಂದ ಕೆಳಗೆ ಬಿದ್ದದ್ದರ ಮೇಲೆ ಮಣ್ಣು, ಬೂದಿ ಹಾಕುತ್ತಾರೆ. ಅದು ಹೊಲಕ್ಕೆ ಗೊಬ್ಬರವಾಗುತ್ತದೆ. ಪ್ರವಾಸಿಗರು ಬಂದ ಮೇಲೆ ಕಮೋಡು, ಷವರು ಬಂದವು, ಅವುಗಳ ಹಿಂದೆ ಕೊಳವೆಗಳು ಬಂದವು. ಈಗ ಬೇಸಿಗೆಯ ಹಂಗಾಮು ಮುಗಿಯುತ್ತಲೇ ಅನೇಕ ಹೋಟೆಲುಗಳು ಕೊಳವೆಗಳನ್ನು ಬರಿದು ಮಾಡಿ ಬಾಗಿಲು ಹಾಕುತ್ತವೆ. ಮಿಷಿಗನ್‌ನ ಹಿತ್ತಿಲಿನ ಶನಿವಾರದ ಕೆಲಸವೇ ಅದು. ಊರಿನವರು ಎಲ್ಲಿಗೂ ಹೋಗುವುದಿಲ್ಲ. ನಲ್ಲಿ ನಿಂತ ತಿಂಗಳುಗಳಲ್ಲಿ ಅವರು ಟ್ಯಾಂಕರ್ ಬರುವ ಹಾದಿ ಕಾದು, ಕ್ಯಾನುಗಳಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತುತ್ತಾರೆ. ಶ್ರೀನಗರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ ನಡೆಯುವ 'ಚಿಲ್ಲಾಯ್ ಕಲಾನ್' ಕಾಲದಲ್ಲಿ ಬೆಳಗ್ಗೆ ಎದ್ದು, ಹೆಪ್ಪುಗಟ್ಟಿದ ನಲ್ಲಿಯ ಸುತ್ತ ಕಾಗದ, ಕಡ್ಡಿಗಳ ಸಣ್ಣ ಬೆಂಕಿ ಹಚ್ಚಿ, ಮೊದಲ ಹನಿಗಾಗಿ ಕಾಯುತ್ತಾರೆ.